ಧಣಿಯ ಕೇಸಿಗೆ ದಿಲ್ಲಿ ವಕೀಲರು: ಕೊಟ್ಟ ಫೀಸಿಗೆ ಸಿಗುವುದೇನು?

ಬಳ್ಳಾರಿಯಲ್ಲಿ 2011ರಿಂದ ಈಚೆಗೆ ಬೇಡಿಕೆ ತಗ್ಗದ ಸೇವೆ ಒಂದಿದೆ: ದೊಡ್ಡವರ ಕೇಸಿಗೆ ದೊಡ್ಡ ವಕೀಲರು. ಆ ವರ್ಷ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ಗಣಿ ವರದಿ ಕೊಟ್ಟರು, 29ರಂದು ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು, ಸೆಪ್ಟೆಂಬರ್ 5ರಂದು ಸಿಬಿಐ ಗಾಲಿ ಜನಾರ್ದನ ರೆಡ್ಡಿಯವರನ್ನು ಬಂಧಿಸಿ ಹೈದರಾಬಾದಿಗೆ ಕರೆದೊಯ್ದಿತು. ಅಂದಿನಿಂದ ಯಾವ ನಾಯಕರ ಮನೆ ಬಾಗಿಲಿಗೆ ನೋಟಿಸು ಬಂದರೂ ಪಡಸಾಲೆಯಲ್ಲಿ ಮೊದಲು ಏಳುವ ಪ್ರಶ್ನೆ, "ದಿಲ್ಲಿಯಿಂದ ಯಾರನ್ನ ಕರಸ್ತೀರಿ?"

ಪ್ರಶ್ನೆ ಅರ್ಧ ಸರಿ, ಅರ್ಧ ತಪ್ಪು. ಈ ಸೇವೆಯ ಒಂದೊಂದು ಭಾಗವನ್ನೂ ಬಿಡಿಸಿ ನೋಡಿದರೆ ಕಾಣುವುದಿಷ್ಟು: ಹಣದ ಬಹುಪಾಲು ಹೋಗುವುದು ಹದಿನೈದು ನಿಮಿಷ ವಾದ ಮಾಡುವವರಿಗೆ, ಕೇಸು ನಿಲ್ಲುವುದೋ ಬೀಳುವುದೋ ಅನ್ನುವುದು ತೀರ್ಮಾನವಾಗುವುದು ಮಾತ್ರ ಹದಿನೈದು ಸಾವಿರ ಪುಟದ ಚಾರ್ಜ್‌ಶೀಟನ್ನು ಕೂತು ಓದಿದವರಿಂದ. ಆ ಓದುವವರಿಗೆ ಫೀಸು ಕೊಡುವಾಗ ಧಣಿಗಳ ಕೈ ಯಾಕೋ ಬಿಗಿಯಾಗುತ್ತದೆ.

ಇಂಥ ವಿಮರ್ಶೆ ಸಿಗುವುದು ಅಪರೂಪ, ಅದಕ್ಕೆ ಕಾರಣವೂ ಇದೆ. ಬಾರ್ ಕೌನ್ಸಿಲ್ ನಿಯಮ 36ರ ಪ್ರಕಾರ ವಕೀಲರು ಜಾಹೀರಾತು ಕೊಡುವಂತಿಲ್ಲ. ಜತೆಗೆ 2024ರ ಮೇ 14ರಂದು ಡಿ.ಕೆ. ಗಾಂಧಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಬಾಗಿಲನ್ನೂ ಮುಚ್ಚಿತು: ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯೊಳಗೆ ಬರುವುದಿಲ್ಲ. ಸೇವೆ ಕೆಟ್ಟಿತೆಂದು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲಾಗದು. ವೃತ್ತಿ ದುರ್ನಡತೆ ಇದ್ದರೆ ವಕೀಲರ ಕಾಯ್ದೆಯ ಕಲಂ 35ರಡಿ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು, ಅಷ್ಟೆ. ಹೀಗಾಗಿ ಕೊಳ್ಳುವ ಮೊದಲೇ ಕಣ್ಣು ತೆರೆದು ನೋಡಬೇಕು.

ಮೊದಲ 24 ಗಂಟೆ: ಊರಿನ ವಕೀಲರೇ ಸೈ

ಬಂಧನವಾದ ದಿನ ದಿಲ್ಲಿಯವರು ವಿಮಾನದಲ್ಲಿರುತ್ತಾರೆ, ಬೆಂಗಳೂರಿನವರು ಚಿತ್ರದುರ್ಗ ದಾಟಿರುವುದಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲುವವರು ಬಳ್ಳಾರಿಯವರೇ. ಅವರು ಅಂದು ಮಾಡಬೇಕಾದ ಕೆಲಸ ವಾದವಲ್ಲ, ದಾಖಲೆ.

ಮೊದಲನೆಯದು, ಬಂಧನದ ಕಾರಣಗಳನ್ನು ಬರಹದಲ್ಲಿ ಕೊಟ್ಟಿದ್ದಾರೆಯೇ ಎಂದು ನೋಡುವುದು. 2023ರ ಅಕ್ಟೋಬರ್ 3ರ ಪಂಕಜ್ ಬನ್ಸಲ್ ತೀರ್ಪಿನಲ್ಲಿ ಇ.ಡಿ. ಅಧಿಕಾರಿಗಳು ಕಾರಣಗಳನ್ನು ಓದಿ ಹೇಳಿದರೆ ಸಾಲದು, ಕಾಗದದಲ್ಲೇ ಕೊಡಬೇಕು ಎಂದಾಯಿತು. ಆ ಪ್ರಕರಣದಲ್ಲಿ ಬಂಧನವೇ ಅಕ್ರಮವೆಂದು ಬಿತ್ತು. ಮರುವರ್ಷ ಪ್ರಬೀರ್ ಪುರಕಾಯಸ್ಥ ಪ್ರಕರಣದಲ್ಲಿ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯ (ಯುಎಪಿಎ) ಬಂಧನಕ್ಕೂ ಅದೇ ಮಾತು ಅನ್ವಯಿಸಿತು. ಈ ಆಕ್ಷೇಪವನ್ನು ಮೊದಲ ರಿಮ್ಯಾಂಡಿನಲ್ಲೇ (ಕಸ್ಟಡಿಗೆ ಒಪ್ಪಿಸುವ ಹೊತ್ತಿಗೇ) ಲಿಖಿತವಾಗಿ ಎತ್ತಿ, ಆದೇಶದಲ್ಲಿ ದಾಖಲಾಗುವಂತೆ ನೋಡಿಕೊಂಡರೆ ಮುಂದೆ ದೊಡ್ಡ ವಕೀಲರಿಗೆ ಹಿಡಿಯಲು ಒಂದು ಕೊಂಬೆ ಸಿಗುತ್ತದೆ. ಎತ್ತದಿದ್ದರೆ ಆರು ತಿಂಗಳ ಮೇಲೆ ದಿಲ್ಲಿಯಲ್ಲಿ ಅದು "ಆಮೇಲೆ ಹೊಳೆದ ಮಾತು" ಆಗಿಬಿಡುತ್ತದೆ.

ಎರಡನೆಯದು ದಿನದ ಲೆಕ್ಕ. ನಿಗದಿತ ಅವಧಿಯಲ್ಲಿ ಚಾರ್ಜ್‌ಶೀಟ್ ಬಾರದಿದ್ದರೆ ಜಾಮೀನು ಹಕ್ಕಾಗಿ ಸಿಗುತ್ತದೆ (ಹಳೆಯ ಸಿಆರ್‌ಪಿಸಿ 167(2), ಈಗ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ 187). 60 ದಿನವೋ 90 ದಿನವೋ ಎಂಬುದು ಎಫ್‌ಐಆರ್‌ನಲ್ಲಿರುವ ಕಲಮುಗಳ ಮೇಲೆ ನಿಂತಿದೆ. ಬರೀ ಭ್ರಷ್ಟಾಚಾರ ತಡೆ ಕಾಯ್ದೆಯ 13(2) ಆದರೆ ಶಿಕ್ಷೆ 4ರಿಂದ 10 ವರ್ಷ, ಕನಿಷ್ಠ ಶಿಕ್ಷೆ ಹತ್ತು ವರ್ಷ ಅಲ್ಲ, ಆದ್ದರಿಂದ 60 ದಿನ. 2017ರ ರಾಕೇಶ್ ಕುಮಾರ್ ಪೌಲ್ ತೀರ್ಪು ಇದನ್ನೇ ಹೇಳಿತು, ಬಾಯಿಮಾತಿನಲ್ಲಿ ಕೇಳಿದರೂ ಜಾಮೀನು ಕೊಡಬೇಕು ಎಂದಿತು. ಆದರೆ ತನಿಖಾಧಿಕಾರಿ ಜಾಣರಿದ್ದರೆ ಸಾರ್ವಜನಿಕ ನೌಕರನ ನಂಬಿಕೆ ದ್ರೋಹದ ಕಲಂ, ಅಂದರೆ ಹಳೆಯ ಐಪಿಸಿ 409 (ಈಗ ನ್ಯಾಯ ಸಂಹಿತೆ 316(5)) ಸೇರಿಸಿರುತ್ತಾರೆ. ಅದಕ್ಕೆ ಜೀವಾವಧಿಯವರೆಗೆ ಶಿಕ್ಷೆ ಇದೆ, ಲೆಕ್ಕ 90ಕ್ಕೆ ಏರಿತು. ಇನ್ನು ಎಣಿಕೆ ಎಲ್ಲಿಂದ? ರಿಮ್ಯಾಂಡ್ ಆದ ದಿನವೂ ಸೇರಿಯೇ ಎಣಿಸಬೇಕೆಂದು 2023ರ ಮಾರ್ಚ್ 27ರಂದು ಕಪಿಲ್ ವಾಧವಾನ್ ಪ್ರಕರಣದಲ್ಲಿ ತ್ರಿಸದಸ್ಯ ಪೀಠ ಹೇಳಿದೆ. ಆ ಒಂದು ದಿನದ ವ್ಯತ್ಯಾಸದಲ್ಲೇ ಜಾಮೀನು ಸಿಕ್ಕವರಿದ್ದಾರೆ. ಅವಧಿ ಮುಗಿದ ಬೆಳಗ್ಗೆ ಕೋರ್ಟ್ ಬಾಗಿಲು ತೆರೆಯುವ ಹೊತ್ತಿಗೆ ಅರ್ಜಿ ಕೈಯಲ್ಲಿರಬೇಕು. ಮಧ್ಯಾಹ್ನ ಚಾರ್ಜ್‌ಶೀಟ್ ಬಿದ್ದ ಮೇಲೆ ಹೋದರೆ ಹಕ್ಕು ಹೋಯಿತು. ಈ ಲೆಕ್ಕ ಇಡುವವರು ಹಿರಿಯ ವಕೀಲರಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕಿಕೊಂಡ ಗುಮಾಸ್ತರೋ ಕಿರಿಯ ವಕೀಲರೋ ಇರುತ್ತಾರೆ.

ಮೂರನೆಯದು ಜಾಮೀನುದಾರರು. ಆದೇಶ ಸಿಕ್ಕರೂ ಶ್ಯೂರಿಟಿ ಕಾಗದ ಸರಿಯಿಲ್ಲದೆ ಎರಡು ರಾತ್ರಿ ಹೆಚ್ಚಿಗೆ ಒಳಗೆ ಕಳೆಯುವುದುಂಟು. ಪಹಣಿಯಲ್ಲಿ ಹೆಸರು ತಂದೆಯದೇ ಇರುತ್ತದೆ, ಆಧಾರ್‌ನಲ್ಲಿ ಇನಿಷಿಯಲ್ ಬೇರೆ ಇರುತ್ತದೆ, ಅದೇ ಜಮೀನನ್ನು ಇನ್ನೊಂದು ಕೇಸಿಗೆ ಆಗಲೇ ಒತ್ತೆ ಕೊಟ್ಟಿರುತ್ತಾರೆ. ಸುಪ್ರೀಂ ಕೋರ್ಟಿನ ಆದೇಶಗಳು ಈಗ ಫಾಸ್ಟರ್ ವ್ಯವಸ್ಥೆಯಲ್ಲಿ ವಿದ್ಯುನ್ಮಾನವಾಗಿ ಬರುತ್ತವೆ, ಆದರೆ ಪಹಣಿ ತಿದ್ದುಪಡಿ ಹಾಗೆ ಬರುವುದಿಲ್ಲ.

ಈ ಭಾಗಕ್ಕೆ ಕೊಡುವ ಹಣ ಎಲ್ಲಕ್ಕಿಂತ ಕಡಿಮೆ, ಉಪಯೋಗ ಎಲ್ಲಕ್ಕಿಂತ ಹೆಚ್ಚು.

ದಿಲ್ಲಿ ಸೇವೆ: ಹೆಸರಿಗೆ ತಕ್ಕ ಕೆಲಸ, ಒಂದೇ ಕೆಲಸಕ್ಕೆ

ಊರಿನಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ: ಹಿರಿಯ ವಕೀಲರು ಅನ್ನಿಸಿಕೊಂಡವರು ವಕಾಲತ್ತು ಹಾಕುವಂತಿಲ್ಲ, ಕಕ್ಷಿದಾರರಿಂದ ನೇರವಾಗಿ ಕೇಸು ತೆಗೆದುಕೊಳ್ಳುವಂತಿಲ್ಲ. ಸುಪ್ರೀಂ ಕೋರ್ಟಿನಲ್ಲಿ ಕೇಸು ದಾಖಲಿಸುವ ಹಕ್ಕು ಅಡ್ವೊಕೇಟ್ ಆನ್ ರೆಕಾರ್ಡ್‌ಗೆ ಮಾತ್ರ. ಅವರಿಗೆ ಬೇರೆ ಪರೀಕ್ಷೆ ಇದೆ, ಕೋರ್ಟಿನಿಂದ 16 ಕಿಲೋಮೀಟರ್ ಒಳಗೆ ಕಚೇರಿ ಇರಬೇಕೆಂಬ ನಿಯಮವಿದೆ. ನೀವು ಟಿವಿಯಲ್ಲಿ ನೋಡಿದ ಹೆಸರು ಮಾತಾಡುವ ಹೆಸರು. ಕಾಗದ ಬರೆಯುವವರು, ಸಹಿ ಮಾಡುವವರು, ತಪ್ಪಾದರೆ ಕೋರ್ಟಿನಿಂದ ಮಾತು ಕೇಳುವವರು ಬೇರೆಯವರು. ಆ ಬೇರೆಯವರನ್ನು ಧಣಿಯ ಪಿಎ ಯಾರದೋ ಶಿಫಾರಸಿನ ಮೇಲೆ ಹಿಡಿದಿರುತ್ತಾರೆ. ಮೊದಲ ಎಡವಟ್ಟು ಅಲ್ಲೇ.

ದಿಲ್ಲಿ ಅರ್ಜಿ ಕೆಡುವುದು ಮೂರ್ನಾಲ್ಕು ಕಡೆ. ಸಾರಾಂಶ ಮತ್ತು ದಿನಾಂಕಗಳ ಪಟ್ಟಿಯನ್ನು ನ್ಯಾಯಮೂರ್ತಿಗಳು ಹಿಂದಿನ ರಾತ್ರಿ ಓದಿ ಬರುತ್ತಾರೆ. ಅದರಲ್ಲಿ ಒಂದು ತಾರೀಖು ತಪ್ಪಿದರೆ ವಾದಕ್ಕೆ ನಿಂತವರು ಮೊದಲ ಪ್ರಶ್ನೆಗೇ ತಡವರಿಸುತ್ತಾರೆ. ಕನ್ನಡ, ತೆಲುಗು ದಾಖಲೆಗಳಿಗೆ ಇಂಗ್ಲಿಷ್ ಅನುವಾದ ಲಗತ್ತಿಸಬೇಕು. ಮಹಜರಿನ ಅನುವಾದವನ್ನು ಬಳ್ಳಾರಿ ಗಣಿ ಗೊತ್ತಿಲ್ಲದವರಿಂದ ಮಾಡಿಸಿದರೆ "ಸ್ಟಾಕ್ ಯಾರ್ಡ್" ಹೋಗಿ "ಉಗ್ರಾಣ" ಆಗುತ್ತದೆ, ಅದಿರು ಎಲ್ಲಿ ಬಿದ್ದಿತ್ತು ಎಂಬುದೇ ಬದಲಾಗುತ್ತದೆ. ಇನ್ನೊಂದು, ಹಿಂದೆ ಎಲ್ಲೆಲ್ಲಿ ಜಾಮೀನು ಕೇಳಿದ್ದಿರಿ, ಏನಾಯಿತು ಎಂಬುದನ್ನು ಮುಚ್ಚಿಡುವುದು. 2024ರ ಜನವರಿಯ ಕುಶಾ ದುರುಕಾ ತೀರ್ಪಿನ ನಂತರ ಇದು ಕಡ್ಡಾಯ ವಿವರ. ಧಾರವಾಡ ಪೀಠದಲ್ಲಿ ವಜಾ ಆದದ್ದನ್ನು ಹೇಳದೆ ದಿಲ್ಲಿಗೆ ಹೋದವರಿಗೆ ಅರ್ಜಿಯೂ ಹೋಗುತ್ತದೆ, ಮರ್ಯಾದೆಯೂ ಹೋಗುತ್ತದೆ.

ಹಾಗಾದರೆ ದೊಡ್ಡ ಹೆಸರಿಗೆ ಬೆಲೆಯೇ ಇಲ್ಲವೆ? ಇದೆ. ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣದಷ್ಟು ಸ್ಪಷ್ಟವಾಗಿ ಅದನ್ನು ತೋರಿಸುವ ಉದಾಹರಣೆ ಮತ್ತೊಂದಿಲ್ಲ, ಅದೂ ನಮ್ಮ ರಾಜ್ಯದ ಕೋರ್ಟುಗಳಲ್ಲೇ ನಡೆದದ್ದು. 2014ರ ಸೆಪ್ಟೆಂಬರ್ 27ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ 4 ವರ್ಷ ಸಜೆ, 100 ಕೋಟಿ ದಂಡ ವಿಧಿಸಿತು. ಹೈಕೋರ್ಟಿನಲ್ಲಿ ರಾಮ್ ಜೇಠ್ಮಲಾನಿಯವರು ವಾದಿಸಿದರು. ಷರತ್ತಿನ ಜಾಮೀನಿಗೆ ಅಭ್ಯಂತರವಿಲ್ಲವೆಂದು ಸರ್ಕಾರಿ ಅಭಿಯೋಜಕರೇ ಹೇಳಿದರೂ ಅಕ್ಟೋಬರ್ 7ರಂದು ಅರ್ಜಿ ವಜಾ ಆಯಿತು. ಹತ್ತೇ ದಿನಕ್ಕೆ, 17ರಂದು, ಸುಪ್ರೀಂ ಕೋರ್ಟಿನಲ್ಲಿ ಫಾಲಿ ನಾರಿಮನ್ ನಿಂತರು, ಜಾಮೀನು ಸಿಕ್ಕಿತು. ಎರಡೂ ಹೆಸರು ದೊಡ್ಡವೇ. ಎರಡನೆಯ ಸಲ ಕೋರ್ಟಿನ ಮುಂದೆ ಇದ್ದದ್ದು ಒಂದು ಖಚಿತ ಕಟ್ಟುಪಾಡು: ಎರಡು ತಿಂಗಳಲ್ಲಿ ಮೇಲ್ಮನವಿಯ ಪೂರ್ತಿ ಕಡತ ಸಿದ್ಧಪಡಿಸಿ ಹೈಕೋರ್ಟಿಗೆ ಕೊಡಬೇಕು, ತಡ ಮಾಡುವಂತಿಲ್ಲ. ಮೇಲ್ಮನವಿ ಎಳೆಯುತ್ತಾರೆ ಎಂಬುದೇ ಎಲ್ಲರ ಅಳುಕಾಗಿದ್ದ ಕೇಸಿನಲ್ಲಿ ಆ ಅಳುಕಿಗೆ ಉತ್ತರ ಕೊಡದೆ ಜಾಮೀನು ಸಿಗುವುದು ಕಷ್ಟ. ಹಿರಿಯ ವಕೀಲರ ಮಾತಿಗೆ ಬೆಲೆ ಬರುವುದು ಅಲ್ಲಿ: ಅವರು ಕೊಟ್ಟ ಭರವಸೆಯನ್ನು ಪೀಠ ನಂಬುತ್ತದೆ. ಆ ಭರವಸೆ ಉಳಿಸಿಕೊಳ್ಳಲು ಕೆಳಗೆ ಸಾವಿರಾರು ಪುಟ ಟೈಪು ಮಾಡಿಸಿ, ಸೂಚಿ ಹಾಕಿ, ಕಟ್ಟು ಕಟ್ಟುವವರು ಬೇಕು.

ಅದೇ ಕೇಸಿನ ಮುಂದಿನ ಭಾಗ ಇನ್ನೂ ಚುರುಕು. 2015ರ ಮೇ 11ರಂದು ಹೈಕೋರ್ಟ್ ಖುಲಾಸೆ ಮಾಡಿತು. ತೀರ್ಪಿನಲ್ಲಿ ಸಾಲಗಳ ಪಟ್ಟಿ ಇತ್ತು, ಕೆಳಗೆ ಮೊತ್ತ 24.17 ಕೋಟಿ ಎಂದಿತ್ತು. ಪಟ್ಟಿಯ ಅಂಕಿಗಳನ್ನು ಕೂಡಿದರೆ ಬರುವುದು 10.67 ಕೋಟಿ. ಹದಿಮೂರೂವರೆ ಕೋಟಿ ವ್ಯತ್ಯಾಸ! ಸಾಲವನ್ನು ಆದಾಯಕ್ಕೆ ಸೇರಿಸಿದರೆ ಆದಾಯ ಮೀರಿದ ಆಸ್ತಿ ಶೇಕಡಾ 10ರ ಒಳಗಿದೆ ಎಂದು ಖುಲಾಸೆಗೆ ಕೊಟ್ಟ ಆಧಾರವೇ ಈ ಕೂಡುವ ಲೆಕ್ಕದ ಮೇಲೆ ನಿಂತಿತ್ತು. ಕರ್ನಾಟಕದ ಪರ ವಿಶೇಷ ಅಭಿಯೋಜಕರಾಗಿದ್ದ ಬಿ.ವಿ. ಆಚಾರ್ಯರು ಅದನ್ನು ಎತ್ತಿ ತೋರಿಸಿದರು, ರಾಜ್ಯ ಮೇಲ್ಮನವಿ ಹೋಯಿತು. 2017ರ ಫೆಬ್ರುವರಿ 14ರಂದು ಸುಪ್ರೀಂ ಕೋರ್ಟ್ ವಿಶೇಷ ನ್ಯಾಯಾಲಯದ ತೀರ್ಪನ್ನೇ ಎತ್ತಿಹಿಡಿಯಿತು. ಅಷ್ಟು ಹೊತ್ತಿಗೆ ಜಯಲಲಿತಾ ತೀರಿಕೊಂಡಿದ್ದರು. ಸಹ ಆರೋಪಿಗಳಾದ ಶಶಿಕಲಾ ಮತ್ತಿಬ್ಬರು ಜೈಲಿಗೆ ಹೋದರು. ದೇಶದ ಅತಿ ದುಬಾರಿ ವಕೀಲರ ಸಾಲನ್ನು ಮಣಿಸಿದ್ದು ಕೂಡುವ ಲೆಕ್ಕ ಪರೀಕ್ಷಿಸಿದ ಒಬ್ಬ ವಕೀಲರ ತಾಳ್ಮೆ.

ಸಾಕ್ಷಿ ಕಟಕಟೆ: ಇಲ್ಲೇ ಕೆಡುವುದು

ಜಾಮೀನಿನ ದಿನ ಪಟಾಕಿ ಹೊಡೆಸುವವರು ವಿಚಾರಣೆಯ ದಿನ ಕೋರ್ಟಿನ ಕಡೆ ಸುಳಿಯುವುದಿಲ್ಲ. ಶಾಸಕರು, ಸಂಸದರ ಕೇಸುಗಳು ಬೆಂಗಳೂರಿನ ವಿಶೇಷ ನ್ಯಾಯಾಲಯದಲ್ಲಿ ನಡೆಯುತ್ತವೆ, ಸಾಕ್ಷಿಗಳು ಮಾತ್ರ ಸಂಡೂರು, ಹೊಸಪೇಟೆ, ಬಳ್ಳಾರಿಯವರು: ಗಣಿ ಇಲಾಖೆಯ ಭೂವಿಜ್ಞಾನಿ, ತೂಕದ ಸೇತುವೆಯ ಗುಮಾಸ್ತ, ಅರಣ್ಯ ಇಲಾಖೆಯ ಗಾರ್ಡು, ಲಾರಿ ಮಾಲೀಕ. ಇವರನ್ನು ಪಾಟಿ ಸವಾಲು ಮಾಡುವವರಿಗೆ ಪರ್ಮಿಟ್ಟು ಅಂದರೇನು, ಟ್ರಿಪ್ ಶೀಟು ಅಂದರೇನು, ಒಂದೇ ಪರ್ಮಿಟ್ಟಿನಲ್ಲಿ ಎರಡು ಸಲ ಲಾರಿ ಓಡಿದರೆ ಯಾವ ಕಾಗದದಲ್ಲಿ ಸಿಕ್ಕಿಬೀಳುತ್ತದೆ ಎಂಬುದು ಗೊತ್ತಿರಬೇಕು. ವಾಗ್ಝರಿ ಇಲ್ಲಿ ಕೆಲಸಕ್ಕೆ ಬಾರದು.

ಒಂದು ಸಣ್ಣ ಕೆಲಸವನ್ನು ಹತ್ತಿರದಿಂದ ನೋಡೋಣ. ಸಾಕ್ಷಿ ಪೊಲೀಸರ ಮುಂದೆ ಒಂದು ಹೇಳಿದ್ದಾನೆ, ಕೋರ್ಟಿನಲ್ಲಿ ಇನ್ನೊಂದು ಹೇಳುತ್ತಾನೆ. ಪೊಲೀಸ್ ಹೇಳಿಕೆಗೆ ಸಹಿ ಇರುವುದಿಲ್ಲ, ಅದು ತಾನಾಗಿ ಸಾಕ್ಷ್ಯವಲ್ಲ. ಆರೋಪಿಯ ಕಡೆಯವರಿಗೆ ಅದರ ಉಪಯೋಗ ವಿರೋಧ ತೋರಿಸುವುದಕ್ಕೆ ಮಾತ್ರ (ಹಳೆಯ 162, ಈಗ ಬಿಎನ್‌ಎಸ್‌ಎಸ್ 181). ಅದಕ್ಕೊಂದು ಕ್ರಮವಿದೆ. ಹೇಳಿಕೆಯ ಆ ಸಾಲನ್ನೇ ಸಾಕ್ಷಿಗೆ ಓದಿ ಹೇಳಬೇಕು. "ಹಾಗೆ ಹೇಳಿಲ್ಲ" ಎಂದರೆ ಆ ಸಾಲಿಗೆ 'ಎ'ಯಿಂದ 'ಎ' ಎಂದು ಗುರುತು ಹಾಕಿಸಬೇಕು. ಆಮೇಲೆ ತನಿಖಾಧಿಕಾರಿ ಕಟಕಟೆಗೆ ಬಂದಾಗ, ಈ ಸಾಕ್ಷಿ ನಿಮ್ಮ ಮುಂದೆ ಹೀಗೆ ಹೇಳಿದ್ದರೇ ಎಂದು ಕೇಳಿ, ಹೌದೆನ್ನಿಸಿ, ನಿ.ಡಿ. ಸಂಖ್ಯೆ (ಆರೋಪಿ ಕಡೆಯ ದಾಖಲೆಯ ಗುರುತು) ಕೊಡಿಸಬೇಕು. ಅಲ್ಲಿಗೆ ವಿರೋಧ ರುಜುವಾತಾಯಿತು. ಹೇಳಿಕೆಯಲ್ಲಿ ಇಲ್ಲದ್ದನ್ನು ಕೋರ್ಟಿನಲ್ಲಿ ಹೊಸದಾಗಿ ಸೇರಿಸಿದರೆ ಅದಕ್ಕೂ ಹೀಗೆಯೇ: ಸಾಕ್ಷಿಯನ್ನು ಕೇಳು, ಆಮೇಲೆ ತನಿಖಾಧಿಕಾರಿಯಿಂದ "ಹಾಗೆ ಹೇಳಿರಲಿಲ್ಲ" ಅನ್ನಿಸು. 1959ರ ತಹಸೀಲ್ದಾರ್ ಸಿಂಗ್ ತೀರ್ಪಿನಿಂದ ಇದು ಬದಲಾಗಿಲ್ಲ.

ತಪ್ಪುವುದು ಎಲ್ಲಿ? ಮುಖ್ಯ ಸಾಕ್ಷಿಯ ದಿನ ದೊಡ್ಡವರು ಬಂದು ಅಬ್ಬರದಿಂದ ಪಾಟಿ ಸವಾಲು ಮಾಡಿ ಹೋಗುತ್ತಾರೆ, ಮರುದಿನ ಪತ್ರಿಕೆಯಲ್ಲೂ ಬರುತ್ತದೆ. ತನಿಖಾಧಿಕಾರಿಯ ಸರದಿ ಬರುವುದು ಒಂದೂವರೆ ಎರಡು ವರ್ಷದ ಮೇಲೆ. ಅಂದು ನಿಲ್ಲುವವರು ಬೇರೆ ವಕೀಲರು, ಆ ಗುರುತು ಹಾಕಿದ ಸಾಲುಗಳ ಪಟ್ಟಿ ಅವರ ಕೈಯಲ್ಲಿಲ್ಲ, ಕೇಳಬೇಕಾದ ಹನ್ನೆರಡು ಪ್ರಶ್ನೆಗಳಲ್ಲಿ ನಾಲ್ಕು ಕೇಳುತ್ತಾರೆ. ಉಳಿದ ಎಂಟು ವಿರೋಧಗಳು ತೀರ್ಪಿನಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಮೇಲ್ಮನವಿಯಲ್ಲಿ ಎಷ್ಟೇ ದೊಡ್ಡವರು ನಿಂತರೂ ದಾಖಲೆಯಲ್ಲಿ ಇಲ್ಲದ್ದನ್ನು ಹುಟ್ಟಿಸಲಾರರು. ಒಳ್ಳೆಯ ತಂಡದಲ್ಲಿ ಇದಕ್ಕೊಂದು ಉದ್ದ ರಿಜಿಸ್ಟರ್ ಇರುತ್ತದೆ: ಸಾಕ್ಷಿ ಸಂಖ್ಯೆ, ಹೇಳಿಕೆಯ ಪುಟ, ಸಾಲು, ತನಿಖಾಧಿಕಾರಿಗೆ ಕೇಳಬೇಕಾದ ಪ್ರಶ್ನೆ, ಕೇಳಿದ ದಿನಾಂಕ. ವಕೀಲರನ್ನು ನೇಮಿಸುವ ಮೊದಲು ಅವರ ಹಳೆಯ ಕೇಸಿನ ಇಂಥ ರಿಜಿಸ್ಟರ್ ಇದೆಯೇ ಎಂದು ಕೇಳಿ. ಇದ್ದರೆ ಫೀಸು ಎಷ್ಟಾದರೂ ಕೊಡಬಹುದು.

"ಹೊಸ ವಕೀಲರು ಬಂದಿದ್ದಾರೆ, ಸಾಕ್ಷಿಗಳನ್ನು ಮತ್ತೆ ಕರೆಸಿ" ಎನ್ನುವ ಅರ್ಜಿ ಬಳ್ಳಾರಿಯ ಹಿರಿಯರಿಗೆ ಬಹಳ ಪ್ರಿಯ. 2015ರಲ್ಲಿ ಶಿವ್ ಕುಮಾರ್ ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಖಡಾಖಂಡಿತ ಉತ್ತರ ಕೊಟ್ಟಿದೆ: ವಕೀಲರ ಬದಲಾವಣೆಯೊಂದೇ ಸಾಕ್ಷಿಯನ್ನು ಮತ್ತೆ ಕರೆಸಲು ಕಾರಣವಾಗದು. ಹೀಗಾಗಿ ಕೇಸಿನ ನಡುವೆ ವಕೀಲರನ್ನು ಬದಲಿಸುವ ಖಯಾಲಿಗೆ ತೆರುವ ಬೆಲೆ ಬಹಳ.

ದಾಖಲೆಗಳದ್ದೂ ಅದೇ ಕತೆ. ಕಂಪ್ಯೂಟರ್ ಲೆಕ್ಕ, ಕರೆ ವಿವರ, ಸಿಸಿಟಿವಿ ಇವುಗಳಿಗೆ ಹಳೆಯ 65ಬಿ (ಈಗ ಸಾಕ್ಷ್ಯ ಅಧಿನಿಯಮ 63) ಪ್ರಮಾಣಪತ್ರ ಬೇಕು; 2020ರ ಅರ್ಜುನ್ ಪಂಡಿತರಾವ್ ಖೋತ್ಕರ್ ತೀರ್ಪು ಅದನ್ನು ಕಡ್ಡಾಯ ಮಾಡಿತು. ಅದೂ ಮಹಾರಾಷ್ಟ್ರದ ಒಬ್ಬ ಶಾಸಕರ ಚುನಾವಣಾ ಕೇಸೇ. ಆದರೆ ದಾಖಲೆಯನ್ನು ನಿಶಾನೆ ಮಾಡುವ, ಅಂದರೆ ಸಾಕ್ಷ್ಯವೆಂದು ಗುರುತು ಹಾಕುವ ಹೊತ್ತಿಗೇ ಆಕ್ಷೇಪಿಸಬೇಕು. ಆ ದಿನ ಕೋರ್ಟಿನಲ್ಲಿ ಕೂತಿದ್ದ ಕಿರಿಯರು ಮೊಬೈಲ್ ನೋಡುತ್ತಿದ್ದರೆ ಆ ಆಕ್ಷೇಪ ಅಲ್ಲಿಗೇ ಮುಗಿಯಿತು. ಮೇಲಿನ ಕೋರ್ಟಿನಲ್ಲಿ ಮೊದಲ ಸಲ ಎತ್ತಲು ಬಿಡುವುದಿಲ್ಲವೆಂದು 2017ರ ಸೋನು ಪ್ರಕರಣದಲ್ಲಿ ಹೇಳಿಯಾಗಿದೆ.

ಭಾಷೆ ನಮ್ಮ ಗಡಿ ಜಿಲ್ಲೆಗೆ ವಿಶೇಷ ತೊಡಕು. ಗಡಿಯಾಚೆ ಆಂಧ್ರದ ಓಬಳಾಪುರಂ ಕಡೆಯ ಕಂದಾಯ ಕಾಗದ ತೆಲುಗಿನಲ್ಲಿ, ಈಚೆಯ ಪಹಣಿ ಕನ್ನಡದಲ್ಲಿ, ಸಿಬಿಐ ಹೇಳಿಕೆ ಇಂಗ್ಲಿಷಿನಲ್ಲಿ. ಸಾಕ್ಷಿ ಹೇಳಿದ್ದು ಒಂದು ಭಾಷೆ, ಬರೆದುಕೊಂಡದ್ದು ಇನ್ನೊಂದು. ಮೂರೂ ಓದಬಲ್ಲ ಬಳ್ಳಾರಿಯ ಕಿರಿಯ ವಕೀಲರು ತಂಡದಲ್ಲಿದ್ದರೆ ಪಾಟಿ ಸವಾಲಿನ ಅರ್ಧ ಸರಕು ಅವರೇ ಹುಡುಕಿ ಕೊಡುತ್ತಾರೆ. ಅವರನ್ನು ಕಾರಿಗೆ ಡೀಸೆಲ್ ಹಾಕಿಸಲು, ಹೋಟೆಲ್ ರೂಮು ನೋಡಲು ಕಳಿಸುವುದು ಈ ಸೇವೆಯಲ್ಲಿ ಕಾಣುವ ಅತಿ ದೊಡ್ಡ ದುಂದು.

ಊರಿಗೆ ಬರುವಂತಿಲ್ಲ

ಜಾಮೀನು ಷರತ್ತನ್ನು ಯಾರೂ ಓದುವುದಿಲ್ಲ. "ಬೇಲ್ ಸಿಕ್ಕಿತಾ? ಸಿಕ್ಕಿತು", ಅಷ್ಟೆ. ಜನಾರ್ದನ ರೆಡ್ಡಿಯವರಿಗೆ 2015ರ ಜನವರಿ 20ರಂದು ಸುಪ್ರೀಂ ಕೋರ್ಟ್ ಜಾಮೀನು ಕೊಟ್ಟಾಗ ಬಳ್ಳಾರಿ, ಅನಂತಪುರ, ಕಡಪ ಜಿಲ್ಲೆಗಳಿಗೆ ಹೋಗಬಾರದೆಂದಿತ್ತು. ಆ ಒಂದು ಸಾಲು ಸಡಿಲಿಸಲು 2021ರಲ್ಲಿ, 2022ರಲ್ಲಿ ಅರ್ಜಿಗಳಾದವು. ಬಳ್ಳಾರಿ ಬಾಗಿಲು ಪೂರ್ತಿ ತೆರೆದದ್ದು 2024ರ ಸೆಪ್ಟೆಂಬರ್ 30ರಂದು. ನಡುವೆ 2023ರ ಚುನಾವಣೆಗೆ ಅವರು ನಿಂತು ಗೆದ್ದದ್ದು ಕೊಪ್ಪಳ ಜಿಲ್ಲೆಯ ಗಂಗಾವತಿಯಲ್ಲಿ. ಒಂದು ಷರತ್ತು ಒಂದು ರಾಜಕೀಯ ಬದುಕನ್ನು ತುಂಗಭದ್ರೆಯ ಆಚೆ ದಡಕ್ಕೆ ದಾಟಿಸಿದೆ.

ಸಾಕ್ಷಿಗಳು ಊರಲ್ಲೇ ಇರುವಾಗ ಇಂಥ ಷರತ್ತು ತಪ್ಪಿಸುವುದು ಸುಲಭವಲ್ಲ, ನಿಜ. ಆದರೆ ಒಳ್ಳೆಯ ವಕೀಲರು ಆ ಹಂತದಲ್ಲೇ ಪರ್ಯಾಯ ಮುಂದಿಡುತ್ತಾರೆ: ಮುಖ್ಯ ಸಾಕ್ಷಿಗಳ ವಿಚಾರಣೆ ಮುಗಿಯುವವರೆಗೆ ಮಾತ್ರ, ಅಥವಾ ಠಾಣೆಗೆ ತಿಳಿಸಿ ತಿಂಗಳಿಗೆ ಇಷ್ಟು ದಿನ ಅಂತ. ಕೊನೆ ದಿನಾಂಕವಿಲ್ಲದ ಷರತ್ತನ್ನು ಅವಸರದಲ್ಲಿ ಒಪ್ಪಿಕೊಂಡವರು ವರ್ಷಗಟ್ಟಲೆ ಅದನ್ನು ತೆಗೆಸಲು ಫೀಸು ಕಟ್ಟುತ್ತಾರೆ.

ಜೈಲು ತಪ್ಪಿತು, ಕುರ್ಚಿ ಹೋಯಿತು

ಎರಡು ವರ್ಷ ಅಥವಾ ಹೆಚ್ಚು ಶಿಕ್ಷೆಯಾದರೆ ಪ್ರಜಾಪ್ರತಿನಿಧಿ ಕಾಯ್ದೆ 8(3)ರ ಪ್ರಕಾರ ಸದಸ್ಯತ್ವ ಹೋಗುತ್ತದೆ, ಬಿಡುಗಡೆಯ ನಂತರ ಆರು ವರ್ಷ ಸ್ಪರ್ಧೆಯೂ ಇಲ್ಲ. ಮೇಲ್ಮನವಿ ಹಾಕಲು ಮೂರು ತಿಂಗಳ ರಕ್ಷಣೆ ಕೊಡುತ್ತಿದ್ದ 8(4)ನ್ನು 2013ರ ಜುಲೈ 10ರಂದು ಲಿಲಿ ಥಾಮಸ್ ತೀರ್ಪು ಕಿತ್ತುಹಾಕಿತು. ಈಗ ತೀರ್ಪು ಬಂದ ಕ್ಷಣವೇ ಕುರ್ಚಿ ಖಾಲಿ.

ಇಲ್ಲಿ ವಕೀಲರು ಮಾಡುವ ಎಡವಟ್ಟು ಒಂದೇ, ಆದರೆ ಮಾರಕ. ಶಿಕ್ಷೆ ಮೂರು ವರ್ಷದೊಳಗಿದ್ದು ಆರೋಪಿ ಆಗಲೇ ಜಾಮೀನಿನಲ್ಲಿದ್ದರೆ ತೀರ್ಪು ಕೊಟ್ಟ ಕೋರ್ಟೇ ಮೇಲ್ಮನವಿಗೆಂದು ಅಲ್ಲೇ ಬಿಡುತ್ತದೆ. ಹೆಚ್ಚಿದ್ದರೆ ಮೇಲ್ಮನವಿ ಕೋರ್ಟಿನಲ್ಲಿ ಶಿಕ್ಷೆ ಅಮಾನತು ಕೇಳುತ್ತಾರೆ, ಸಿಗುತ್ತದೆ, ಹಾರ ಹಾಕುತ್ತಾರೆ. ಶಿಕ್ಷೆ ಅಮಾನತಾದರೆ ಮನುಷ್ಯ ಹೊರಗೆ ಬರುತ್ತಾನೆ. ಅಪರಾಧಿ ಎಂಬ ತೀರ್ಮಾನಕ್ಕೇ ತಡೆ ಸಿಕ್ಕರೆ ಮಾತ್ರ ಕುರ್ಚಿ ಉಳಿಯುತ್ತದೆ. ಎರಡೂ ಬೇರೆ ಬೇರೆ ಕೋರಿಕೆ, ಬೇರೆ ಬೇರೆ ಕಾರಣ ಕೊಡಬೇಕು. ತಡೆಗೆ ಸರಿಪಡಿಸಲಾಗದ ಹಾನಿ ಏನೆಂದು ವಿವರವಾಗಿ ತೋರಿಸಬೇಕು. ಭ್ರಷ್ಟಾಚಾರದ ಕೇಸಾದರೆ ಅಂಥ ತಡೆ ಸುಲಭವಾಗಿ ಸಲ್ಲದೆನ್ನುವ 2001ರ ಕೆ.ಸಿ. ಸರೀನ್ ತೀರ್ಪು ಅಡ್ಡ ನಿಂತಿರುತ್ತದೆ, ಅದನ್ನು ದಾಟುವ ದಾರಿ ಮೊದಲೇ ಯೋಚಿಸಿರಬೇಕು. ರಾಹುಲ್ ಗಾಂಧಿಯವರಿಗೆ ಮಾನಹಾನಿ ಕೇಸಿನಲ್ಲಿ 2023ರ ಮಾರ್ಚ್ 23ರಂದು ಸೂರತ್ ಕೋರ್ಟ್ ಸರಿಯಾಗಿ ಎರಡು ವರ್ಷ ಕೊಟ್ಟಿತು. ಜೈಲಿಗೆ ಒಂದು ದಿನವೂ ಹೋಗಲಿಲ್ಲ, ಮರುದಿನವೇ ಸಂಸತ್ ಸ್ಥಾನ ಹೋಯಿತು. ಆಗಸ್ಟ್ 4ರಂದು ಸುಪ್ರೀಂ ಕೋರ್ಟ್ ತಡೆ ಕೊಟ್ಟದ್ದು ಗರಿಷ್ಠ ಶಿಕ್ಷೆಯನ್ನೇ ಕೊಡಲು ಕೆಳಗಿನ ಕೋರ್ಟ್ ಕಾರಣ ಹೇಳಿಲ್ಲ ಎಂಬ ಅಂಶದ ಮೇಲೆ. ಒಂದು ದಿನ ಕಡಿಮೆ ಶಿಕ್ಷೆಯಾಗಿದ್ದರೆ ಈ ಯಾವ ರಾಮಾಯಣವೂ ಇರುತ್ತಿರಲಿಲ್ಲ.

ಇದರಿಂದ ಹೊಳೆಯಬೇಕಾದದ್ದು: ಶಿಕ್ಷೆಯ ಪ್ರಮಾಣದ ಬಗ್ಗೆ ಕೇಳುವ ದಿನವೇ ವಕೀಲರು ಪೂರ್ತಿ ತಯಾರಾಗಿ ಬರಬೇಕು. "ವಯಸ್ಸಾಗಿದೆ, ಸಕ್ಕರೆ ಕಾಯಿಲೆ ಇದೆ, ದಯೆ ತೋರಿ" ಎಂದು ಎರಡು ಮಾತಾಡಿ ಕೂರುವವರೇ ಹೆಚ್ಚು. ಗಣಿ ಕೇಸಿನಲ್ಲಿ ಜನಾರ್ದನ ರೆಡ್ಡಿಯವರಿಗೆ 2025ರ ಮೇ 6ರಂದು ಹೈದರಾಬಾದಿನ ಸಿಬಿಐ ಕೋರ್ಟ್ 7 ವರ್ಷ ಕೊಟ್ಟಿತು, ಗಂಗಾವತಿ ಶಾಸಕರು ಅನರ್ಹರೆಂದು ವಿಧಾನಸಭೆ ಸಚಿವಾಲಯ ಪ್ರಕಟಿಸಿತು. ಜೂನ್ 11ರಂದು ತೆಲಂಗಾಣ ಹೈಕೋರ್ಟಿನಲ್ಲಿ ಶಿಕ್ಷೆ ಅಮಾನತಾಗಿ ಜಾಮೀನು ಸಿಕ್ಕಿತು. ಅದೇ ಮೇ 6ರ ತೀರ್ಪಿನಲ್ಲಿ ಆಂಧ್ರದ ಮಾಜಿ ಗಣಿ ಸಚಿವೆ ಸಬಿತಾ ಇಂದ್ರಾರೆಡ್ಡಿ ಖುಲಾಸೆಯಾದರು.

ಒಂದೇ ಕೇಸು, ಬೇರೆ ಬೇರೆ ಫಲ. ಇದನ್ನು ಹೇಳಲು ಕಾರಣ, ನಮ್ಮ ಕಡೆ ಧಣಿ, ಅವರ ಪಿಎ, ಪಾಲುದಾರ, ಭಾವಮೈದುನ ಎಲ್ಲರಿಗೂ ಒಬ್ಬರೇ ವಕೀಲರನ್ನು ಇಡುವ ರೂಢಿ. ಖರ್ಚು ಉಳಿಯುತ್ತದೆ, ಗುಟ್ಟು ಮನೆಯಲ್ಲೇ ಇರುತ್ತದೆ ಎಂಬ ಲೆಕ್ಕ. ಪಿಎ ಹೇಳಬೇಕಾದ ಸತ್ಯ "ಸಾಹೇಬ್ರು ಹೇಳಿದ್ರು, ಸಹಿ ಮಾಡಿದೆ". ಸಾಹೇಬರು ಹೇಳಬೇಕಾದದ್ದು "ಪಿಎ ಇಟ್ಟ ಕಾಗದಕ್ಕೆ ಸಹಿ ಮಾಡಿದೆ". ಇವೆರಡನ್ನೂ ಒಬ್ಬರೇ ವಕೀಲರು ವಾದಿಸಲಾರರು. ಒಂದು ದಿನ ಪಿಎ ಬೇರೆ ವಕೀಲರನ್ನು ಹಿಡಿದು ಮಾಫಿ ಸಾಕ್ಷಿಯಾದರೆ, ಅಲ್ಲಿಯವರೆಗೆ ಒಂದೇ ಕೋಣೆಯಲ್ಲಿ ಕೂತು ಆಡಿದ ಮಾತೆಲ್ಲ ಎದುರಾಳಿಯ ಕೈಗೆ ಹೋದಂತೆ.

ಚುನಾವಣಾ ತಕರಾರು ಅರ್ಜಿಯ ಸೇವೆ ಬೇರೆಯೇ ಜಾತಿಯದು, ಅದಕ್ಕೆ ಕ್ರಿಮಿನಲ್ ವಕೀಲರನ್ನು ಹಚ್ಚಬೇಡಿ. ಫಲಿತಾಂಶದಿಂದ 45 ದಿನದೊಳಗೆ ಹೈಕೋರ್ಟಿನಲ್ಲಿ ಹಾಕಬೇಕು, ಒಂದು ದಿನ ತಡವಾದರೂ ಮನ್ನಾ ಇಲ್ಲ. ಠೇವಣಿ 2,000 ರೂಪಾಯಿ ಮಾತ್ರ, ಆದರೆ ಕಟ್ಟದಿದ್ದರೆ ಅರ್ಜಿ ವಜಾ. ಭ್ರಷ್ಟ ಆಚರಣೆಯ ಆರೋಪವಿದ್ದರೆ ನಮೂನೆ 25ರ ಪ್ರಮಾಣಪತ್ರ ಬೇಕು. ಎದುರಾಳಿಗೆ ಕೊಡುವ ಪ್ರತಿ ಪ್ರತಿಯ ಮೇಲೂ ನಿಜಪ್ರತಿ ಎಂದು ಅರ್ಜಿದಾರರೇ ಸಹಿ ಹಾಕಬೇಕು. ಗೆದ್ದ ಧಣಿಯ ವಕೀಲರು ಮೊದಲು ಹುಡುಕುವುದೇ ಈ ಸಹಿಗಳನ್ನು.

ಹಣ, ಫೈಲು, ಮುಖಸ್ತುತಿ

"ಗೆದ್ದರೆ ಇಷ್ಟು, ಸೋತರೆ ಏನೂ ಬೇಡ" ಎಂಬ ಒಪ್ಪಂದ ಬಾರ್ ಕೌನ್ಸಿಲ್ ನಿಯಮಕ್ಕೆ ವಿರುದ್ಧ. ಅಂಥ ಮಾತಾಡುವವರು ಬಾಗಿಲಲ್ಲೇ ಗುರುತು ಕೊಟ್ಟಂತೆ. "ಜಡ್ಜ್ ನಮಗೆ ಗೊತ್ತಿರೋರು" ಎನ್ನುವವರನ್ನು ಚಹಾ ಕೊಟ್ಟು ಕಳಿಸಿಬಿಡಿ, ಆ ದಾರಿಯಲ್ಲಿ ಹೋದವರಿಗೆ ಎರಡನೇ ಕೇಸು ಸಿಗುತ್ತದೆ. ಫೀಸಿನ ವಿವರ ಬಿಡಿಬಿಡಿಯಾಗಿ ಬರೆಸಿಕೊಳ್ಳಿ: ಕರಡಿಗೆ ಎಷ್ಟು, ಸಮಾಲೋಚನೆಗೆ ಎಷ್ಟು, ಹಾಜರಾತಿಗೆ ಎಷ್ಟು, ಕೇಸು ಮುಂದೂಡಿದ ದಿನಕ್ಕೆ ಎಷ್ಟು. ಕೊನೆಯದರ ಬಗ್ಗೆ ಯಾರೂ ಕೇಳುವುದಿಲ್ಲ, ಬಿಲ್ಲು ಊದಿಕೊಳ್ಳುವುದು ಅಲ್ಲೇ.

ಮುಖಸ್ತುತಿ ಮಾಡುವ ವಕೀಲರು ಎಲ್ಲರಿಗಿಂತ ದುಬಾರಿ. ಪ್ರಚಾರಕ್ಕೆ ಹೋಗುವ ಆಸೆಯಲ್ಲಿ ಧಣಿ "ವಾಯಿದೆ ತಗೊಳ್ರಿ" ಎಂದಾಗ "ಆಯ್ತು ಅಣ್ಣಾ" ಎನ್ನುವವರು ಹತ್ತು ಸಲ ಗೈರುಹಾಜರಿ ಅರ್ಜಿ ಹಾಕಿ ಹನ್ನೊಂದನೆಯ ಸಲ ವಾರಂಟ್ ತಂದುಕೊಡುತ್ತಾರೆ. ಅದೇ ದಿನ ಊರಿನ ಸಭೆಯಲ್ಲಿ ಮಾಲೆ ಹಾಕಿಸಿಕೊಂಡ ಫೋಟೊ ಪತ್ರಿಕೆಯಲ್ಲಿ ಬಂದಿದ್ದರೆ ಅಭಿಯೋಜಕರಿಗೆ ಹಬ್ಬ. "ಬೇಡ ಸಾಹೇಬ್ರೆ, ನೀವು ಬರಲೇಬೇಕು" ಎಂದು ಮುಖಕ್ಕೆ ಹೇಳುವ ವಕೀಲರಿಗೆ ಪಡಸಾಲೆಯಲ್ಲಿ ಜನ ಕಡಿಮೆ, ಖುಲಾಸೆ ಹೆಚ್ಚು.

ವಕೀಲರನ್ನು ಬದಲಿಸಲೇಬೇಕಾದರೆ ಎರಡು ಸಾಕ್ಷಿಗಳ ನಡುವೆ ಬೇಡ. ಚಾರ್ಜ್ ರೂಪಿಸುವ ಮೊದಲು, ಇಲ್ಲವೇ ತೀರ್ಪಿನ ನಂತರ. ಹಿಂದಿನವರಿಂದ ನಿರಾಕ್ಷೇಪಣೆ ಬರೆಸಿಕೊಂಡು ಹೊಸ ವಕಾಲತ್ತು ಹಾಕಿ. ಬಾಕಿ ಫೀಸಿಗಾಗಿ ಫೈಲು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ, 2000ದ ಆರ್.ಡಿ. ಸಕ್ಸೇನಾ ತೀರ್ಪು ಹಾಗೆ ಹೇಳುತ್ತದೆ. ಆದರೂ ಫೈಲು ಕೈಗೆ ಬಂದಾಗ ಪಿಎಯನ್ನು ನಂಬಿ ಕಾರಿನ ಡಿಕ್ಕಿಗೆ ಹಾಕಬೇಡಿ. ಚಾರ್ಜ್‌ಶೀಟಿನ ಸಂಪುಟಗಳು ಎಷ್ಟು, ನಿಶಾನೆ ದಾಖಲೆಗಳ ಪ್ರತಿ ಎಷ್ಟು, ಸಾಕ್ಷಿ ಹೇಳಿಕೆಗಳ ದೃಢೀಕೃತ ನಕಲು ಎಷ್ಟು ಎಂದು ಎಣಿಸಿ ಪಟ್ಟಿ ಮಾಡಿ, ಎರಡೂ ಕಡೆಯ ಗುಮಾಸ್ತರಿಂದ ಸಹಿ ಹಾಕಿಸಿ. ಆ ವಿರೋಧಗಳ ರಿಜಿಸ್ಟರ್ ಪಟ್ಟಿಯಲ್ಲಿದೆಯೇ ಎಂಬುದನ್ನು ಮೊದಲು ನೋಡಿ.